ಓಡಿದರೆ ಜೀಪು ನಿಲ್ಲಿಸಿ ಹತ್ತಿಸಿಕೊಳ್ಳುತ್ತಾರೆ! 44ನೇ ವಯಸ್ಸಿಗೆ ಓಟ ಶುರು ಮಾಡಬಹುದಾ?

ಸುಂಟಿಕೊಪ್ಪದ ರೈಟರ್ | ಸೆಪ್ಟೆಂಬರ್ 6

ಎಲ್ಲರಿಗೂ ನಮಸ್ಕಾರ. ವಯಸ್ಸು 44, ತೂಕ 91 ಕೆ.ಜಿ., ಎತ್ತರ ಐದು ಅಡಿ ಏಳು ಇಂಚು. ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು. ಹೆಸರಿಗೆ ತೋಟದ ಕೆಲಸ, ದಿನದ ಮುಕ್ಕಾಲು ಪಾಲು ಬೈಕಿನ ಮೇಲೆ, ಉಳಿದದ್ದು ಚೆಕ್‌ರೋಲ್ (ಕೆಲಸದವರ ಹಾಜರಿ ಪುಸ್ತಕ) ಮುಂದೆ.

ಮೊನ್ನೆ ನಮ್ಮ ಕೊಡಗಿನ ಆಯುಧ ಹಬ್ಬ ಕೈಲ್ ಮುಹೂರ್ತದ ಆಟೋಟದಲ್ಲಿ ನಲವತ್ತು ದಾಟಿದ ಗಂಡಸರಿಗೆ 100 ಮೀಟರ್ ಓಟ ಅಂತ ಕೂಗಿದರು. ತೆಂಗಿನಕಾಯಿಗೆ ಗುಂಡು ಹೊಡೆಯುವಲ್ಲಿ ನಿಂತಿದ್ದವನನ್ನು ಸ್ನೇಹಿತರು ಎಳಕೊಂಡು ಹೋಗಿ ನಿಲ್ಲಿಸಿದರು. ಅರವತ್ತು ಮೀಟರಿಗೆ ಕಣ್ಣು ಕತ್ತಲೆ ಬಂದು ಗದ್ದೆ ಬದುವಿನ ಮೇಲೆ ಕೂತೆ. ಮಗಳು ಅದನ್ನು ವಿಡಿಯೊ ಮಾಡಿ ನೆಂಟರ ಗ್ರೂಪಿಗೆಲ್ಲ ಹಾಕಿದ್ದಾಳೆ.

ಹಟಕ್ಕೆ ಬಿದ್ದು ನಿನ್ನೆ ಬೆಳಿಗ್ಗೆ ರಸ್ತೆಗಿಳಿದೆ. 300 ಮೀಟರ್ ಹೋಗಿರಬಹುದು, ಅಷ್ಟರಲ್ಲಿ ಮೂರು ಗಾಡಿ ನಿಂತವು. ಮೊದಲನೆಯವರು "ಆನೆ ಎಲ್ಲಿ?" ಅಂದರು. ಎರಡನೆಯವರು "ಮನೆಯಲ್ಲಿ ಎಂತಾಯ್ತು ರೈಟ್ರೇ?" ಅಂತ ಗಾಬರಿಯಾದರು. ಮೂರನೆಯವರು ಏನೂ ಕೇಳದೆ ಜೀಪಿನ ಬಾಗಿಲು ತೆಗೆದರು. ಉಸಿರು ಬರ್ತಾ ಇರಲಿಲ್ಲ, ವಿವರಿಸುವ ಶಕ್ತಿಯೂ ಇರಲಿಲ್ಲ. ಹತ್ತಿಯೇಬಿಟ್ಟೆ.

ನನ್ನಂಥವನಿಗೆ ಓಟ ಸಾಧ್ಯವಾ? ಸಾಧ್ಯ ಅಂದರೆ ಎಲ್ಲಿಂದ ಶುರು ಮಾಡಬೇಕು?

ಏರುದಾರಿ ಮಡಿಕೇರಿ | ಸೆಪ್ಟೆಂಬರ್ 6

ರೈಟ್ರೇ, ಜೀಪಿನವರು ಎಲ್ಲರಿಗೂ ನಿಲ್ಲಿಸುತ್ತಾರೆ, ಬೇಜಾರು ಮಾಡ್ಕೋಬೇಡಿ. ನಾನು ಶುರು ಮಾಡಿದಾಗ ಒಬ್ಬರು ಹಿರಿಯರು ತಿಂಗಳಿಡೀ ನಿಲ್ಲಿಸಿದರು. ಆಮೇಲೆ ಬರೀ ಹಾರ್ನ್ ಹೊಡೆದು ಹೋಗತೊಡಗಿದರು.

ನೀವು ಓಡಿದ್ದು ತಪ್ಪಲ್ಲ, ಓಡಿದ ವೇಗ ತಪ್ಪು. ನಮಗೆಲ್ಲ ಓಟ ಅಂದರೆ ಶಾಲೆಯ ಸ್ಪೋರ್ಟ್ಸ್ ಡೇ. ವಿಸಲ್ ಊದಿದ ಕೂಡಲೆ ಹಲ್ಲು ಕಚ್ಚಿ ಓಡುವುದು. ಇಪ್ಪತ್ತೈದು ವರ್ಷ ಬಿಟ್ಟು ಮತ್ತೆ ಶುರು ಮಾಡುವಾಗಲೂ ಕಾಲು ಅದೇ ವೇಗವನ್ನು ನೆನಪಿಟ್ಟುಕೊಂಡಿರುತ್ತದೆ, ಎದೆ ಮರೆತಿರುತ್ತದೆ. ನೀವು ಓಡಬೇಕಾದ ವೇಗ ಎಷ್ಟೆಂದರೆ, ಪಕ್ಕದಲ್ಲಿ ಬಿರುಸಾಗಿ ನಡೆಯುವವರು ನಿಮ್ಮನ್ನು ದಾಟಿ ಹೋಗಬಹುದು. ಹೋಗಲಿ ಬಿಡಿ. ಓಡುತ್ತಾ ಒಂದು ಪೂರ್ತಿ ವಾಕ್ಯ ಮಾತಾಡಲು ಆದರೆ ವೇಗ ಸರಿ. "ಹೂಂ", "ಇಲ್ಲ" ಅಷ್ಟೇ ಹೊರಡುತ್ತಿದ್ದರೆ ಜಾಸ್ತಿಯಾಯಿತು.

1996ರಲ್ಲಿ ಜಾಶ್ ಕ್ಲಾರ್ಕ್ ಅನ್ನುವ ಅಮೆರಿಕದವರು ಬರೆದ "ಕೌಚ್ ಟು 5ಕೆ" ಅಂತ ಒಂದು ಕ್ರಮ ಇದೆ. ಸೋಫಾದಿಂದ ಎದ್ದವನನ್ನು 5 ಕಿ.ಮೀ.ಗೆ ಮುಟ್ಟಿಸುವುದು. ಒಂಬತ್ತು ವಾರ, ವಾರಕ್ಕೆ ಮೂರೇ ದಿನ. ಮೊದಲ ವಾರ: ಐದು ನಿಮಿಷ ಬಿರುಸು ನಡಿಗೆ, ಆಮೇಲೆ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ. ಇದನ್ನೇ ತಿರುಗಿಸಿ ತಿರುಗಿಸಿ 20 ನಿಮಿಷ. ಎರಡನೇ ವಾರ ಒಂದೂವರೆ ನಿಮಿಷ ಓಟ, ಎರಡು ನಿಮಿಷ ನಡಿಗೆ. ಮೂರನೇ ವಾರಕ್ಕೆ ಮೂರು ನಿಮಿಷದ ಓಟ ಬರುತ್ತದೆ. ಐದನೇ ವಾರದ ಮೂರನೇ ದಿನ ಒಂದೇ ಸಲಕ್ಕೆ 20 ನಿಮಿಷ. ಅದನ್ನು ಈಗಲೇ ಓದಿ ಹೆದರಬೇಡಿ.

ಒಂಬತ್ತು ವಾರದಲ್ಲೇ ಮುಗಿಸಬೇಕು ಅಂತ ಯಾರೂ ಕೇಸು ಹಾಕಲ್ಲ. ನನಗೆ ಹದಿನಾರು ವಾರ ಹಿಡಿಯಿತು.

ಇನ್ನು ಜಾಗ. ಮಡಿಕೇರಿ 1,150 ಮೀಟರ್ ಎತ್ತರದಲ್ಲಿದೆ, ಅದಕ್ಕೇ ಉಸಿರು ಕಟ್ಟುತ್ತದೆ ಅನ್ನುವವರು ನಮ್ಮಲ್ಲಿ ಬಹಳ. ಅಷ್ಟು ಎತ್ತರಕ್ಕೆ ಗಾಳಿ ಅಂಥಾ ತೆಳುವಾಗಲ್ಲ. ಉಸಿರು ಕಟ್ಟುವುದು ಏರಿಗೆ. ನಮ್ಮ ಜಿಲ್ಲೆಯಲ್ಲಿ ರಸ್ತೆ ಅಂದರೆ ಒಂದೋ ಏರು, ಇಲ್ಲ ಇಳಿಜಾರು. ಹಾಗಾಗಿ ಮೊದಲ ಎರಡು ತಿಂಗಳು ರಸ್ತೆ ಬೇಡ. ನಿಮ್ಮೂರಿನಲ್ಲಿ ಫುಟ್‌ಬಾಲ್ ನಡೆಯುವ ಶಾಲಾ ಮೈದಾನ ಇದೆಯಲ್ಲ, ಅಲ್ಲಿ ಸುತ್ತು ಹೊಡೆಯಿರಿ. ಜೀಪಿನ ಕಾಟವೂ ಇಲ್ಲ.

ನಿವೃತ್ತ ಹವಾಲ್ದಾರ್ | ಸೆಪ್ಟೆಂಬರ್ 7

ಒಂದು ನಿಮಿಷ ಓಡಿ ಒಂದೂವರೆ ನಿಮಿಷ ನಡೆಯೋದಕ್ಕೆ ಓಟ ಅಂತಾರಾ? ಸೇನಾ ಭರ್ತಿ ರ‍್ಯಾಲಿಯಲ್ಲಿ 1.6 ಕಿ.ಮೀ.ಯನ್ನು ಐದೂವರೆ ನಿಮಿಷದೊಳಗೆ ಮುಗಿಸಿದವನಿಗೆ ಪೂರ್ತಿ 60 ಅಂಕ. ಜನರಲ್ ತಿಮ್ಮಯ್ಯ ಹುಟ್ಟಿದ ಜಿಲ್ಲೆ ಇದು. ದಿನಾ ಐದು ಗಂಟೆಗೆ ಏಳಿ, ಓಡಿ, ವಾಂತಿ ಬಂದರೆ ಬರಲಿ. ಹತ್ತು ದಿನಕ್ಕೆ ಮೈ ಬಗ್ಗುತ್ತದೆ.

ದಾದಿ ಸಿಸ್ಟರ್ | ಸೆಪ್ಟೆಂಬರ್ 7

ಹವಾಲ್ದಾರ್ ಅಣ್ಣ, ಭರ್ತಿಗೆ ಬರುವ ಹುಡುಗನಿಗೆ ಇಪ್ಪತ್ತು ವರ್ಷ, ಅರವತ್ತು ಕೆ.ಜಿ. ಇವರಿಗೆ 44, 91. ಓಡುವಾಗ ಒಂದೊಂದು ಹೆಜ್ಜೆಗೂ ಮೈಭಾರದ ಎರಡರಿಂದ ಮೂರು ಪಟ್ಟು ಹೊರೆ ಕಾಲಿನ ಮೇಲೆ ಬೀಳುತ್ತದೆ. ಇವರ ಲೆಕ್ಕದಲ್ಲಿ ಇನ್ನೂರು ಕೆ.ಜಿ.ಗೂ ಮೇಲಾಯಿತು. ಎದೆ, ಶ್ವಾಸಕೋಶ ಕೆಲವೇ ವಾರಗಳಲ್ಲಿ ಒಗ್ಗಿಕೊಳ್ಳುತ್ತವೆ. ಮೂಳೆ, ಸ್ನಾಯುರಜ್ಜು ಒಗ್ಗಲು ತಿಂಗಳುಗಳು ಬೇಕು. ಮೂರನೇ ವಾರಕ್ಕೆ "ನನಗೇನೂ ಆಗ್ತಿಲ್ಲ" ಅಂತ ಜಾಸ್ತಿ ಓಡಿದವರೇ ನಾಲ್ಕನೇ ವಾರ ನಮ್ಮ ಓಪಿಡಿಗೆ ಕುಂಟಿಕೊಂಡು ಬರುವುದು.

ರೈಟರ್ ಅಣ್ಣ, ಶುರು ಮಾಡುವ ಮುಂಚೆ ಬಿ.ಪಿ., ಸಕ್ಕರೆ ನೋಡಿಸಿ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೆ ಹೃದಯದ ತೊಂದರೆ ಆಗಿದ್ದರೆ, ಬೀಡಿ ಸಿಗರೇಟು ಇದ್ದರೆ, ಡಾಕ್ಟರಿಗೆ ಅದನ್ನು ಹೇಳಿ. ನಿಮಗೆ ಕಣ್ಣು ಕತ್ತಲೆ ಬಂದದ್ದನ್ನೂ ಬಿಡದೆ ಹೇಳಿ, ಅದನ್ನು ತಮಾಷೆ ಮಾಡಿ ಮುಚ್ಚಬೇಡಿ. ಓಡುವಾಗ ಎದೆ ಹಿಂಡಿದಂತಾದರೆ, ನೋವು ಎಡಗೈಗೋ ದವಡೆಗೋ ಹಬ್ಬಿದರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಮಲಗುವುದಲ್ಲ.

ಕಾಫಿಕಣ | ಸೆಪ್ಟೆಂಬರ್ 7

ನನ್ನದು ಬೇರೆ ಮಾತು. ನಮ್ಮ ಕೆಲಸದವರು ದಿನವಿಡೀ ಏರಿಳಿದು ಕೆಲಸ ಮಾಡ್ತಾರೆ, ಒಬ್ಬರೂ ಓಡಲ್ಲ. ಓಟ ಅನ್ನೋದೆಲ್ಲ ಕುರ್ಚಿಯವರ ಶೋಕಿ. ರೈಟ್ರು ಬೈಕು ಶೆಡ್ಡಿನಲ್ಲಿಟ್ಟು ತೋಟ ಪೂರ್ತಿ ನಡೆದರೆ ಸಾಲದಾ? ಮಂಡಿ ಬೇರೆ ಸವೆಸಿಕೊಳ್ಳೋದು ಯಾಕೆ?

ದಾದಿ ಸಿಸ್ಟರ್ | ಸೆಪ್ಟೆಂಬರ್ 8

ನಡಿಗೆಯ ಮಾತು ಸರಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ಅದೇ: ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆಯಂಥದ್ದು, ಇಲ್ಲ 75ರಿಂದ 150 ನಿಮಿಷ ಓಟದಂಥದ್ದು. ಯಾವುದಾದರೂ ಆಗುತ್ತದೆ. ಓಟಕ್ಕೆ ಅರ್ಧ ಹೊತ್ತು ಸಾಕು, ಅಷ್ಟೇ ವ್ಯತ್ಯಾಸ. ಆದರೆ ಗಿಡ ನೋಡಲು ನಿಂತು, ಫೋನು ಬಂತು ಅಂತ ನಿಂತು ನಡೆಯುವುದು ಬಿರುಸು ನಡಿಗೆ ಅಲ್ಲ.

ಮಂಡಿ ಸವೆಯುತ್ತದೆ ಅನ್ನುವುದು ಪೂರ್ತಿ ನಿಜವಲ್ಲ. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಹವ್ಯಾಸಕ್ಕೆ ಓಡುವವರಲ್ಲಿ ಮಂಡಿ, ಸೊಂಟದ ಕೀಲು ಸವೆತ ಕಂಡದ್ದು ಶೇ. 3.5 ಮಂದಿಗೆ. ಓಡದೆ ಕೂತವರಲ್ಲಿ ಶೇ. 10.2. ಸ್ಪರ್ಧೆಗೆಂದೇ ಓಡುವವರಲ್ಲಿ ಶೇ. 13.3. ಮಂಡಿ ಚೆನ್ನಾಗಿದ್ದವರೇ ಓಡುತ್ತಾ ಉಳಿದಿರಬಹುದು, ಹಾಗಾಗಿ ಓಟ ಮಂಡಿಗೆ ಔಷಧಿ ಅಂತ ನಾನು ಹೇಳಲಾರೆ. ಮಿತವಾಗಿ ಓಡಿದರೆ ಹಾಳಾಗುತ್ತದೆ ಅಂತಲೂ ಹೇಳಲಾರೆ.

ಮಾಲ್ದಾರೆ ಕಡೆಯವ | ಸೆಪ್ಟೆಂಬರ್ 8

ಎಲ್ಲರೂ ಮಂಡಿ ಅಂತೀರಿ. ಆನೆ ವಿಷಯ ಯಾರೂ ಎತ್ತಲಿಲ್ಲ.

ಸಿದ್ದಾಪುರ, ತಿತಿಮತಿ, ಪಾಲಿಬೆಟ್ಟ ಕಡೆಯವರು ಇದನ್ನು ಓದುತ್ತಿದ್ದರೆ: ಕತ್ತಲೆಯಲ್ಲಿ ಓಡಬೇಡಿ. ಹವಾಲ್ದಾರ್ ಅಣ್ಣನ ಐದು ಗಂಟೆ ನಮ್ಮಲ್ಲಿ ನಡೆಯಲ್ಲ. ಆನೆಗಳು ರಾತ್ರಿ ತೋಟದಲ್ಲಿ ಮೇಯ್ದು ವಾಪಸ್ ಕಾಡಿಗೆ ಹೊರಡುವ ಹೊತ್ತು ಅದು. ಪೂರ್ತಿ ಬೆಳಕಾಗಲಿ, ಲೈನ್ ಮನೆಯವರು (ತೋಟದ ಕಾರ್ಮಿಕರು) ಕೆಲಸಕ್ಕೆ ಹೊರಡಲಿ, ಶಾಲೆ ವ್ಯಾನ್ ಒಂದು ಹೋಗಲಿ. ಆಮೇಲೆ ಇಳಿಯಿರಿ. ಇಯರ್‌ಫೋನ್ ಬೇಡವೇ ಬೇಡ. ಕೊಂಬೆ ಮುರಿಯುವ ಸದ್ದು ಕೇಳಬೇಕು. ರಸ್ತೆಯಲ್ಲಿ ಹಸಿ ಲದ್ದಿ ಕಂಡರೆ ಆ ದಿನದ ಓಟ ಅಲ್ಲಿಗೆ ಮುಗಿಯಿತು, ಬಂದ ದಾರಿಯಲ್ಲೇ ತಿರುಗಿ. ಆನೆ ಇಪ್ಪತ್ತೈದು ಕಿ.ಮೀ. ವೇಗದಲ್ಲಿ ಬರಬಲ್ಲದು. ಮೇಲೆ ಹೇಳಿದ ವಾಕ್ಯ ಮಾತಾಡುವ ವೇಗ ಏಳು ಕಿ.ಮೀ.

ಅರಣ್ಯ ಇಲಾಖೆಯವರು ಕಳಿಸುವ ಮೆಸೇಜು ನೋಡಿಯೇ ಶೂ ಹಾಕುವುದು ನಾನು. ಜೀಪಿನವರು "ಆನೆ ಎಲ್ಲಿ" ಅಂತ ಕೇಳಿದ್ದು ತಮಾಷೆಗಲ್ಲ ರೈಟ್ರೇ. ನಮ್ಮಲ್ಲಿ ದೊಡ್ಡವರು ಓಡಿದರೆ ಕಾರಣ ಅದೊಂದೇ.

ಟೀಚರಕ್ಕ ವಿರಾಜಪೇಟೆ | ಸೆಪ್ಟೆಂಬರ್ 10

ಇಲ್ಲಿ ಓಡುವ ಹೆಂಗಸರು ಯಾರೂ ಬರೆದಿಲ್ಲ, ನಾನೇ ಬರೀತೀನಿ. ನನಗೆ 46. ಓಟಗಾರ್ತಿ ಅಶ್ವಿನಿ ನಾಚಪ್ಪನವರಿಗೆ 1988ರಲ್ಲಿ ಅರ್ಜುನ ಪ್ರಶಸ್ತಿ ಬಂದಾಗ ನಾನು ಪ್ರೈಮರಿಯಲ್ಲಿದ್ದೆ. ಪಿ.ಟಿ. ಮಾಸ್ಟರು ಹುಡುಗಿಯರನ್ನೆಲ್ಲ ಮೈದಾನಕ್ಕೆ ಇಳಿಸಿ "ನಮ್ಮ ಕೊಡಗಿನವರು, ಓಡಿ" ಅಂದಿದ್ದರು. ಏಳನೇ ಕ್ಲಾಸು ಮುಗಿದ ಮೇಲೆ ನನಗೆ "ಓಡು" ಅಂದವರು ಯಾರೂ ಇಲ್ಲ. "ಓಡಬೇಡ, ನಿಧಾನ ನಡಿ" ಅಂದವರೇ ಎಲ್ಲ.

ಕಳೆದ ವರ್ಷ ಶುರು ಮಾಡಿದೆ. ಗಂಡಸರಿಗೆ ಜೀಪಿನ ತೊಂದರೆ, ನಮಗೆ ಬೇರೆ. ಮೊದಲ ದಿನ ಚೂಡಿದಾರಕ್ಕೆ ದುಪ್ಪಟ್ಟಾ ಪಿನ್ ಮಾಡಿಕೊಂಡು ಓಡಿದೆ, ಹೋದ ಅರ್ಧ ದಾರಿಯೂ ಅದನ್ನು ಸರಿಮಾಡುವುದೇ ಆಯಿತು. ಟ್ರ್ಯಾಕ್ ಪ್ಯಾಂಟಿಗೆ ಬರಲು ಒಂದು ತಿಂಗಳು ಬೇಕಾಯಿತು. ಒಂದು ಮಾತು ಸಂಕೋಚ ಬಿಟ್ಟು ಹೇಳ್ತೀನಿ: ಹೆಂಗಸರು ಶೂಗಿಂತ ಮೊದಲು ಒಳ್ಳೆ ಸ್ಪೋರ್ಟ್ಸ್ ಬ್ರಾ ತಗೊಳ್ಳಿ. ನಾನು ಆನ್‌ಲೈನಿನಲ್ಲಿ ಅಂದಾಜಿಗೆ ತರಿಸಿ ಎರಡು ಸಲ ವಾಪಸ್ ಕಳಿಸಿದೆ. ಟೇಪು ಹಿಡಿದು ಅಳತೆ ತಗೊಂಡ ಮೇಲೆ ಸರಿಯಾದದ್ದು ಬಂತು. ನನಗೆ ಓಟವೇ ಆಗಲ್ಲ ಅಂದುಕೊಂಡಿದ್ದೆ, ಅರ್ಧ ಕಷ್ಟ ಅದೇ ಆಗಿತ್ತು.

ಒಬ್ಬಳೇ ಹೋಗಲ್ಲ. ಶಾಲೆಯ ಇನ್ನಿಬ್ಬರು ಟೀಚರುಗಳ ಜೊತೆ, ಬೆಳಕು ಬಿಟ್ಟ ಮೇಲೆ. ಮಾತಾಡುವ ವೇಗ ನಮಗೆ ಯಾರೂ ಕಲಿಸಬೇಕಾಗಿಲ್ಲ. ಶಾಲೆಯ ವಿಷಯ ಶುರುವಾದರೆ ಮೂರು ಕಿ.ಮೀ. ಮುಗಿದದ್ದೇ ಗೊತ್ತಾಗಲ್ಲ.

ಸುಂಟಿಕೊಪ್ಪದ ರೈಟರ್ | ಸೆಪ್ಟೆಂಬರ್ 21

ಸಿಸ್ಟರ್ ಹೇಳಿದಂತೆ ತೋರಿಸಿದೆ. ಸಕ್ಕರೆ ಪರವಾಗಿಲ್ಲ. ಬಿ.ಪಿ. 146/92. ಡಾಕ್ಟರು ಇಸಿಜಿ ಮಾಡಿಸಿ, ಉಪ್ಪಿನಕಾಯಿ ಬಿಡಿ, ನಿಧಾನಕ್ಕೆ ಓಡಿ, ತಿಂಗಳು ಬಿಟ್ಟು ಬನ್ನಿ ಅಂದರು. ಮನೆಯವಳಿಗೆ ಉಪ್ಪಿನಕಾಯಿ ಮಾತ್ರ ಕೇಳಿಸಿತು, ಭರಣಿಯೇ ಕಾಣೆಯಾಗಿದೆ.

ಮೊದಲ ವಾರ ಮೈದಾನದಲ್ಲಿ ಮುಗಿಸಿದೆ. 60 ಸೆಕೆಂಡ್ ಎಷ್ಟು ಉದ್ದ ಅಂತ ನನಗೆ ಈಗ ಗೊತ್ತು. ಮೊದಲ ದಿನ ಆ 20 ನಿಮಿಷದ ಎಂಟು ಓಟದಲ್ಲಿ ಐದೇ ಆದವು. ಎರಡನೇ ದಿನ ಏರುದಾರಿಯವರ ಮಾತು ನೆನಪಿಟ್ಟು ನಾಚಿಕೆ ಬಿಟ್ಟು ನಿಧಾನ ಓಡಿದೆ, ಎಂಟೂ ಆಯಿತು! ಮೈದಾನದ ಅಂಚಿನಲ್ಲಿ ಫುಟ್‌ಬಾಲ್ ಹುಡುಗರು "ಅಂಕಲ್, ಸ್ಲೋ ಮೋಷನ್ನಾ?" ಅಂತಾರೆ. ಅನ್ನಲಿ.

ಮಳೆ ಇನ್ನೂ ಬಿಟ್ಟಿಲ್ಲ. ಶೂ ಒಣಗೋದೇ ಇಲ್ಲ, ಇರೋದು ಮಗನ ಹಳೆ ಕ್ಯಾನ್ವಾಸ್. ಒಲೆ ಪಕ್ಕ ಇಟ್ಟರೆ ಆಗುತ್ತಾ? ಹುಲ್ಲಿನಲ್ಲಿ ಜಿಗಣೆ ಬೇರೆ.

ಏರುದಾರಿ ಮಡಿಕೇರಿ | ಸೆಪ್ಟೆಂಬರ್ 21

ಒಲೆ ಪಕ್ಕ ಬೇಡ, ಅಂಟು ಬಿಟ್ಟು ಅಟ್ಟೆ ಕೈಗೆ ಬರುತ್ತದೆ. ಒಳಗಿನ ಸೋಲ್ ತೆಗೆದು, ಪೇಪರ್ ಉಂಡೆ ಮಾಡಿ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿ. ಬೆಳಿಗ್ಗೆಗೆ ಮುಕ್ಕಾಲು ಒಣಗಿರುತ್ತದೆ.

ಕ್ಯಾನ್ವಾಸ್ ಬಿಡಿ. ಈ ಆಟದಲ್ಲಿ ದುಡ್ಡು ಹಾಕಬೇಕಾದ್ದು ಶೂ ಒಂದಕ್ಕೇ. ವಾಚು, ಆ್ಯಪು, ಬಣ್ಣದ ಟೀಶರ್ಟು ಯಾವುದೂ ಈಗ ಬೇಡ. ಮೈಸೂರಿಗೆ ಹೋದಾಗ ಸಂಜೆ ಹೊತ್ತು ಅಂಗಡಿಗೆ ಹೋಗಿ, ಸಂಜೆಗೆ ಪಾದ ಸ್ವಲ್ಪ ಊದಿರುತ್ತದೆ. ಓಡುವಾಗ ಹಾಕುವ ಸಾಕ್ಸೇ ಹಾಕಿ ನೋಡಿ. ಉದ್ದದ ಬೆರಳಿನ ಮುಂದೆ ಹೆಬ್ಬೆರಳಷ್ಟು ಅಗಲ ಜಾಗ ಉಳಿಯಬೇಕು. ಹೊಂದುವುದು ಮುಖ್ಯ, ಹೆಸರಲ್ಲ.

ಜಿಗಣೆಗೆ ಉದ್ದ ಸಾಕ್ಸ್. ಹತ್ತಿದರೆ ಮನೆಗೆ ಬಂದು ಉಗುರಿನಿಂದ ಮೆಲ್ಲ ತಳ್ಳಿ. ನಮಗೆ ಇದನ್ನೂ ಹೇಳಿಕೊಡಬೇಕಾ!

ಸುಂಟಿಕೊಪ್ಪದ ರೈಟರ್ | ಅಕ್ಟೋಬರ್ 12

ಬೇಜಾರಿನ ಸುದ್ದಿ. ಮೂರನೇ ವಾರ ಸಲೀಸಾಗಿ ಆಯಿತು ಅಂತ ಭಾನುವಾರ ಹುಮ್ಮಸ್ಸಿನಲ್ಲಿ ರಸ್ತೆಗೆ ಹೋಗಿ ಇಳಿಜಾರಿನಲ್ಲಿ ಒಂದೇ ಸಮ ಹತ್ತು ನಿಮಿಷ ಓಡಿದೆ. ಬಹಳ ಖುಷಿಯಾಗಿತ್ತು. ಸೋಮವಾರದಿಂದ ಎರಡೂ ಕಾಲಿನ ಮುಂಭಾಗದ ಎಲುಬಿನ ಒಳಗಡೆ, ಮೊಣಕಾಲಿಂದ ಕೆಳಗೆ ನೋವು. ಮೆಟ್ಟಿಲು ಇಳಿಯಲೂ ಆಗ್ತಿಲ್ಲ. ಕಾಫಿಕಣದವರು ಗೆದ್ದರು.

ದಾದಿ ಸಿಸ್ಟರ್ | ಅಕ್ಟೋಬರ್ 12

ನಾನು ಹೇಳಿದ ನಾಲ್ಕನೇ ವಾರಕ್ಕೆ ಸರಿಯಾಗಿ ಬಂದಿರಿ ಅಣ್ಣ. ಇದು ಶಿನ್ ಸ್ಪ್ಲಿಂಟ್ಸ್. ಹೊಸಬರಿಗೆ ಬರುವ ಮಾಮೂಲಿ ನೋವು. ಇಳಿಜಾರು ಸುಲಭ ಅನ್ನಿಸುತ್ತದೆ, ಆದರೆ ಹೆಜ್ಜೆ ಹೆಜ್ಜೆಗೂ ಬ್ರೇಕು ಹಾಕುವ ಕೆಲಸ ಕಾಲಿನದೇ.

ಬೆರಳಿನಿಂದ ಒತ್ತಿ ನೋಡಿ. ಎಲುಬಿನುದ್ದಕ್ಕೂ ಒಂದು ಗೇಣು ನೋವಿದ್ದರೆ ವಿಶ್ರಾಂತಿ ಸಾಕು. ಒಂದೇ ಕಡೆ, ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಚುಚ್ಚುವ ನೋವಿದ್ದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಮೂಳೆಯಲ್ಲಿ ಸಣ್ಣ ಬಿರುಕು ಇರಬಹುದು. ಆಗ ಡಾಕ್ಟರಿಗೆ ತೋರಿಸದೆ ಒಂದು ಹೆಜ್ಜೆಯೂ ಓಡಬಾರದು. ನೋವಿನ ಮಾತ್ರೆ ನುಂಗಿ ಓಡುವುದಂತೂ ಬೇಡವೇ ಬೇಡ.

ನಿವೃತ್ತ ಹವಾಲ್ದಾರ್ | ಅಕ್ಟೋಬರ್ 13

ರೈಟರ್, ಒಂದು ಮಾತು. ನಾನು ಮೊದಲು ಬರೆದದ್ದನ್ನು ಓದಿ ಜಾಸ್ತಿ ಓಡಿದ್ದಾದರೆ ನನ್ನ ಮೇಲೆ ಕೋಪ ಬೇಡ. ಟ್ರೈನಿಂಗಿನಲ್ಲಿ ನನಗೂ ಇದೇ ನೋವು ಬಂದಿತ್ತು. ಹೇಳಿದರೆ ಮಾನ ಹೋಗುತ್ತದೆ ಅಂತ ಮುಚ್ಚಿಟ್ಟು ಓಡಿದೆ. ಕೊನೆಗೆ ಎಲುಬು ಬಿರುಕು ಬಿಟ್ಟು ಎರಡು ತಿಂಗಳು ಮಂಚದ ಮೇಲೆ. ನನ್ನ ಜೊತೆಯವರೆಲ್ಲ ಪಾಸಾಗಿ ಹೋದರು, ನಾನು ಮುಂದಿನ ಬ್ಯಾಚಿನಲ್ಲಿ ಹೋದೆ. ನಲವತ್ತು ವರ್ಷ ಆಯಿತು, ಇದನ್ನು ಮನೆಯಲ್ಲೂ ಹೇಳಿರಲಿಲ್ಲ.

ಹತ್ತು ದಿನ ಓಡಬೇಡಿ. ನೋವಿಲ್ಲದೆ ಅರ್ಧ ಗಂಟೆ ನಡೆಯಲು ಆದ ಮೇಲೆ ಎರಡನೇ ವಾರದ ಪಾಠದಿಂದ ಶುರು ಮಾಡಿ. ಗೋಡೆಗೆ ಬೆನ್ನು ಕೊಟ್ಟು ನಿಂತು, ಹಿಮ್ಮಡಿ ಊರಿ ಮುಂಗಾಲು ಎತ್ತಿ ಇಳಿಸಿ, ದಿನಕ್ಕೆ ಎರಡು ಸಲ, ಇಪ್ಪತ್ತಿಪ್ಪತ್ತು.

ಟೀಚರಕ್ಕ ವಿರಾಜಪೇಟೆ | ಅಕ್ಟೋಬರ್ 13

ಹವಾಲ್ದಾರ್ ಅಣ್ಣ 🙏

ಕಾಫಿಕಣ | ಅಕ್ಟೋಬರ್ 14

ನಾನು ಗೆದ್ದಿಲ್ಲ ರೈಟ್ರೇ. ಸಿಸ್ಟರ್ ಬರೆದದ್ದು ಓದಿ ಫೋನು ಮನೆಯಲ್ಲಿಟ್ಟು ನಡೆಯೋಕೆ ಶುರು ಮಾಡಿದ್ದೆ. ಅರ್ಧ ಗಂಟೆಗೆ ಬೆವರಿಳಿದು ಕೂತೆ. ಇಷ್ಟು ವರ್ಷ ನಾನು ತೋಟದಲ್ಲಿ ನಡೀತಾ ಇದ್ದೆ ಅಂದುಕೊಂಡಿದ್ದೆ.

ಸುಂಟಿಕೊಪ್ಪದ ರೈಟರ್ | ನವೆಂಬರ್ 23

ಹನ್ನೆರಡು ದಿನ ಬಿಟ್ಟು, ಹೊಸ ಶೂ ಹಾಕಿ, ಎರಡನೇ ವಾರದಿಂದ ಶುರು ಮಾಡಿದೆ. ನೋವು ಮತ್ತೆ ಬಂದಿಲ್ಲ. ಈಗ ಐದನೇ ವಾರದಲ್ಲಿದ್ದೇನೆ. ನಾಳೆ ಆ 20 ನಿಮಿಷದ ದಿನ, ನಿದ್ದೆ ಬರ್ತಿಲ್ಲ.

ಇನ್ನೊಂದು ಪ್ರಶ್ನೆ. ಇಷ್ಟು ಓಡಿಯೂ ತೂಕ 91ರಿಂದ 89ಕ್ಕೆ ಬಂದು ನಿಂತಿದೆ. ಯಾಕೆ?

ಏರುದಾರಿ ಮಡಿಕೇರಿ | ನವೆಂಬರ್ 23

ಲೆಕ್ಕ ಸರಳ. ಒಂದು ಕೆ.ಜಿ. ಮೈಗೆ ಒಂದು ಕಿ.ಮೀ. ಓಡಲು ಸುಮಾರು ಒಂದು ಕ್ಯಾಲೊರಿ. ನೀವು ಮೂರು ಕಿ.ಮೀ. ಓಡಿದರೆ 270. ಓಡಿ ಬಂದ ಹಸಿವಿನಲ್ಲಿ ಎರಡು ಅಕ್ಕಿ ರೊಟ್ಟಿ ಜಾಸ್ತಿ ಹೋದರೆ ಲೆಕ್ಕ ಚುಕ್ತಾ. ಮುಂದೆ ಸುಗ್ಗಿ ಹಬ್ಬ ಪುತ್ತರಿ ಬೇರೆ ಇದೆ, ಕಡಂಬುಟ್ಟು (ಅಕ್ಕಿ ಕಡುಬು), ಪಂದಿ ಕರಿ (ಹಂದಿ ಮಾಂಸದ ಸಾರು) ಎದುರು ಕೂತು ಕ್ಯಾಲೊರಿ ಎಣಿಸುವವರು ನಮ್ಮ ಜಿಲ್ಲೆಯಲ್ಲಿ ಹುಟ್ಟಿಲ್ಲ. ತೂಕ ಇಳಿಸುವ ಜಾಗ ತಟ್ಟೆ, ಮೈದಾನವಲ್ಲ. ಬಿ.ಪಿ. ಎಷ್ಟಾಗಿದೆ, ಅದನ್ನು ಹೇಳಿ.

ನಾಳೆಗೆ ಒಂದೇ ಸೂಚನೆ: ಮೊದಲ ಐದು ನಿಮಿಷ ಬೇಕೆಂದೇ ಇನ್ನೂ ನಿಧಾನ.

ಸುಂಟಿಕೊಪ್ಪದ ರೈಟರ್ | ನವೆಂಬರ್ 24

ಬಿ.ಪಿ. 134/86.

ಇಪ್ಪತ್ತು ನಿಮಿಷ ಆಯಿತು. ನಿಲ್ಲದೆ. ಹನ್ನೊಂದನೇ ನಿಮಿಷಕ್ಕೆ ಸಾಕಪ್ಪ ಅನ್ನಿಸಿತು, ಹದಿನಾಲ್ಕಕ್ಕೆ ಅದು ತಾನಾಗಿ ಹೋಯಿತು. ಎಲ್ಲಿಗೆ ಹೋಯಿತು ಗೊತ್ತಿಲ್ಲ. ಮುಗಿದ ಮೇಲೆ ಫುಟ್‌ಬಾಲ್ ಹುಡುಗರ ಗೋಲ್‌ಪೋಸ್ಟ್ ಹಿಡಿದು ನಿಂತಿದ್ದೆ. ಸ್ಲೋ ಮೋಷನ್ ಅಂದಿದ್ದ ಹುಡುಗ ನೀರಿನ ಬಾಟಲಿ ತಂದು ಕೊಟ್ಟ. ಏನೂ ಹೇಳಲಿಲ್ಲ.

ಸುಂಟಿಕೊಪ್ಪದ ರೈಟರ್ | ಡಿಸೆಂಬರ್ 28

ಒಂಬತ್ತನೇ ವಾರ ಮುಗಿಯಿತು, 30 ನಿಮಿಷ, 3.6 ಕಿ.ಮೀ. ಐದು ಆಗಲಿಲ್ಲ. ಜನವರಿಯಲ್ಲಿ ರೊಬಸ್ಟಾ ಕಾಫಿ ಕೊಯ್ಲು ಶುರುವಾದರೆ ವಾರಕ್ಕೆ ಎರಡು ದಿನ ಸಿಕ್ಕರೆ ಪುಣ್ಯ. ಈಗ ಬೆಳಕಾದ ಮೇಲೆ ರಸ್ತೆಯಲ್ಲೂ ಸ್ವಲ್ಪ ಓಡುತ್ತೇನೆ. ಅವತ್ತು ಬಾಗಿಲು ತೆಗೆದ ಜೀಪಿನವರು ನಿನ್ನೆ ಎದುರು ಸಿಕ್ಕಿದರು. ನಿಧಾನ ಮಾಡಿ, ನೋಡಿ, ಹಾರ್ನ್ ಹೊಡೆದು ಹೋದರು.

ಬಲಗಾಲಿನ ಹೆಬ್ಬೆರಳ ಉಗುರು ಕಪ್ಪಾಗಿದೆ. ನೋವಿಲ್ಲ. ಏನು ಮಾಡಲಿ?

ಏರುದಾರಿ ಮಡಿಕೇರಿ | ಡಿಸೆಂಬರ್ 28

ಇಳಿಜಾರಿನಲ್ಲಿ ಪಾದ ಮುಂದೆ ಜಾರಿ ಬೆರಳು ಶೂಗೆ ಗುದ್ದಿದೆ. ಉಗುರು ಸಣ್ಣಗೆ ಕತ್ತರಿಸಿ, ಲೇಸನ್ನು ಮೇಲಿನ ಕೊನೆ ತೂತಿನವರೆಗೂ ಹಾಕಿ ಬಿಗಿಯಾಗಿ ಕಟ್ಟಿ. ಉಗುರು ಬಿದ್ದರೂ ಹೊಸದು ಬರುತ್ತದೆ. ನನಗೆ ಮೂರು ಬಿದ್ದಿವೆ.